ಹಳೆಯ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳ ಚಾರ್ಜಿಂಗ್ ವ್ಯವಸ್ಥೆ

ಚಾರ್ಜಿಂಗ್ ವ್ಯವಸ್ಥೆ ಎಂದರೆ ಎಂಜಿನ್ ತಿರುಗುವಾಗ ವಿದ್ಯುತ್ತನ್ನು ಉತ್ಪಾದಿಸಿ, ಬ್ಯಾಟರಿಯನ್ನು ತುಂಬಿಸುತ್ತ, ದೀಪ, ಹಾರ್ನ್ ಹಾಗೂ ಇಗ್ನಿಷನ್‌ಗೆ ವಿದ್ಯುತ್ ಒದಗಿಸುವ ಭಾಗಗಳ ಸಮೂಹ. ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳು ಕರ್ನಾಟಕದ ರಸ್ತೆಗಳಲ್ಲಿ ಇಂದಿಗೂ ಓಡಾಡುತ್ತಿವೆ. ಈ ವಾಹನಗಳ ವಿದ್ಯುತ್ ದೋಷಗಳಲ್ಲಿ ಹೆಚ್ಚಿನವು ಚಾರ್ಜಿಂಗ್ ವ್ಯವಸ್ಥೆಗೆ ಸಂಬಂಧಿಸಿದವು. ಅವುಗಳನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರೆ, ಸರಿಯಾಗಿರುವ ಭಾಗವನ್ನು ಬದಲಿಸುವ ವ್ಯರ್ಥ ಖರ್ಚು ತಪ್ಪುತ್ತದೆ.

ಹಿನ್ನೆಲೆ

ಐಡಿಯಲ್ ಜಾವಾ ಸಂಸ್ಥೆಯು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಿಂದ ಮೈಸೂರಿನ ಕಾರ್ಖಾನೆಯಲ್ಲಿ 250 ಸಿಸಿ ಮೋಟಾರ್‌ಸೈಕಲ್‌ಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟವಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯು ಜಾವಾ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದಿತಾದರೂ, ಆ ಹೊಸ ವಾಹನಗಳ ವಿದ್ಯುತ್ ರಚನೆ ಸಂಪೂರ್ಣ ಬೇರೆ. ಈ ಲೇಖನವು ಹಳೆಯ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಹಳೆಯ ಜಾವಾ 250ರಲ್ಲಿ 6 ವೋಲ್ಟ್, 45 ವ್ಯಾಟ್ ಸಾಮರ್ಥ್ಯದ ಡೈನಮೋ ಇದೆ. ಇದರ ಮುಖ್ಯ ಭಾಗಗಳು ಹೀಗಿವೆ:

• ಆರ್ಮೇಚರ್: ಕ್ರ್ಯಾಂಕ್‌ಶಾಫ್ಟಿನ ಬಲತುದಿಯಲ್ಲಿ ಕೂತು ಅದರೊಡನೆ ತಿರುಗುವ ಸುರುಳಿಗಳ ಭಾಗ.
• ಫೀಲ್ಡ್ ಕಾಯಿಲ್: ಆರ್ಮೇಚರ್‌ನ ಸುತ್ತ ಸ್ಥಿರವಾಗಿ ನಿಂತು ಕಾಂತಕ್ಷೇತ್ರವನ್ನು ಉಂಟುಮಾಡುವ ಸುರುಳಿ.
• ಕಮ್ಯುಟೇಟರ್ ಮತ್ತು ಕಾರ್ಬನ್ ಬ್ರಷ್: ತಿರುಗುವ ಸುರುಳಿಯಿಂದ ವಿದ್ಯುತ್ತನ್ನು ಹೊರಗೆ ತರುವ ತಾಮ್ರದ ಪಟ್ಟಿಗಳು ಮತ್ತು ಅವುಗಳಿಗೆ ಒತ್ತಿಕೊಂಡಿರುವ ಇದ್ದಿಲಿನ ತುಂಡುಗಳು.
• ರೆಗ್ಯುಲೇಟರ್: ವೇಗ ಹೆಚ್ಚಿದರೂ ವೋಲ್ಟೇಜ್ ಮಿತಿಮೀರದಂತೆ ಫೀಲ್ಡ್ ಪ್ರವಾಹವನ್ನು ನಿಯಂತ್ರಿಸುವ ಭಾಗ.
• ಕಟ್‌ಔಟ್: ಡೈನಮೋದ ವೋಲ್ಟೇಜ್ ಬ್ಯಾಟರಿಗಿಂತ ಹೆಚ್ಚಾದಾಗ ಮಾತ್ರ ಎರಡನ್ನೂ ಜೋಡಿಸಿ, ಕಡಿಮೆಯಾದಾಗ ಬೇರ್ಪಡಿಸುವ ಸ್ವಯಂಚಾಲಿತ ಸ್ವಿಚ್.

ಈ ವಾಹನಗಳಲ್ಲಿ ಇಗ್ನಿಷನ್ ಕೂಡ ಬ್ಯಾಟರಿಯನ್ನೇ ಅವಲಂಬಿಸಿದೆ. ಆದ್ದರಿಂದ ಬ್ಯಾಟರಿ ಬರಿದಾದರೆ ದೀಪ ಮಂಕಾಗುವುದಷ್ಟೇ ಅಲ್ಲ, ಕಿಡಿ ಹುಟ್ಟದೆ ವಾಹನವೇ ನಿಂತುಹೋಗುತ್ತದೆ. ಯೆಜ್ಡಿಯ ನಂತರದ ಕೆಲವು ಮಾದರಿಗಳಲ್ಲಿ ಡೈನಮೋದ ಬದಲು ಆಲ್ಟರ್ನೇಟರ್ ಇದೆ.

6 ವೋಲ್ಟ್ ವ್ಯವಸ್ಥೆಯ ಮಿತಿಗಳು

45 ವ್ಯಾಟ್ ಡೈನಮೋ 6 ವೋಲ್ಟ್‌ನಲ್ಲಿ ಕೊಡಬಲ್ಲ ಪ್ರವಾಹ ಸುಮಾರು 7.5 ಆಂಪಿಯರ್. 35 ವ್ಯಾಟ್‌ನ ಮುಂದಿನ ದೀಪ ಮತ್ತು 5 ವ್ಯಾಟ್‌ನ ಹಿಂದಿನ ದೀಪ ಉರಿಯುವಾಗ 40 ವ್ಯಾಟ್ ಖರ್ಚಾಗುತ್ತದೆ. ಇಗ್ನಿಷನ್ ಕಾಯಿಲ್‌ನ ಖರ್ಚು ಬೇರೆ. ಹೀಗಾಗಿ ರಾತ್ರಿ ನಿಧಾನವಾಗಿ ಓಡುವಾಗ ಬ್ಯಾಟರಿ ಬರಿದಾಗುವುದು ಯಾವಾಗಲೂ ದೋಷದ ಲಕ್ಷಣವಲ್ಲ.

ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 0.1 ಓಮ್ ರೋಧವಿದೆ ಎಂದುಕೊಳ್ಳೋಣ. 7 ಆಂಪಿಯರ್ ಹರಿದಾಗ ಅಲ್ಲಿ ನಷ್ಟವಾಗುವುದು 0.7 ವೋಲ್ಟ್, ಅಂದರೆ 6 ವೋಲ್ಟ್‌ನ ಸುಮಾರು ಶೇ. 12. ಅಷ್ಟೇ ಶಕ್ತಿಯ 12 ವೋಲ್ಟ್ ವ್ಯವಸ್ಥೆಯಲ್ಲಿ ಪ್ರವಾಹ 3.5 ಆಂಪಿಯರ್, ನಷ್ಟ 0.35 ವೋಲ್ಟ್, ಅಂದರೆ ಶೇ. 3 ಮಾತ್ರ. ಹಳೆಯ ವಾಹನಗಳಲ್ಲಿ ಜೋಡಣೆಗಳ ಶುದ್ಧತೆಗೆ ಇಷ್ಟು ಮಹತ್ವವಿರುವುದು ಈ ಕಾರಣದಿಂದ.

ದೋಷದ ಲಕ್ಷಣಗಳು

ಕೆಂಪು ಸೂಚಕ ದೀಪವಿರುವ ವಾಹನಗಳಲ್ಲಿ, ಕೀಲಿ ತಿರುಗಿಸಿದಾಗ ಅದು ಬೆಳಗಬೇಕು. ಎಂಜಿನ್ ವೇಗ ಹಿಡಿದಾಗ ಆರಬೇಕು.

• ಕೀಲಿ ತಿರುಗಿಸಿದರೂ ದೀಪ ಬೆಳಗದಿದ್ದರೆ: ಬ್ಯಾಟರಿ ಪೂರ್ಣ ಬರಿದಾಗಿರಬಹುದು, ಫ್ಯೂಸ್ ಅಥವಾ ಸೂಚಕದ ಬಲ್ಬ್ ಸುಟ್ಟಿರಬಹುದು, ಇಲ್ಲವೇ ಬ್ರಷ್ ಕಮ್ಯುಟೇಟರ್‌ಗೆ ತಾಗದಿರಬಹುದು.
• ವೇಗ ಹೆಚ್ಚಿಸಿದರೂ ದೀಪ ಆರದಿದ್ದರೆ: ಡೈನಮೋ ವಿದ್ಯುತ್ ಉತ್ಪಾದಿಸುತ್ತಿಲ್ಲ, ಅಥವಾ ಉತ್ಪಾದಿಸಿದ ವಿದ್ಯುತ್ ಬ್ಯಾಟರಿಗೆ ತಲುಪುತ್ತಿಲ್ಲ.
• ದೀಪ ಆರಿದರೂ ಬ್ಯಾಟರಿ ತುಂಬದಿದ್ದರೆ: ಬ್ಯಾಟರಿಯ ಕೋಶ ಕೆಟ್ಟಿರಬಹುದು ಅಥವಾ ಓಡಾಟದ ದೂರ ಸಾಲದಿರಬಹುದು.
• ಬ್ಯಾಟರಿಯ ನೀರು ಬೇಗ ಇಳಿಯುವುದು, ಬಲ್ಬುಗಳು ಪದೇ ಪದೇ ಸುಡುವುದು: ರೆಗ್ಯುಲೇಟರ್ ವೋಲ್ಟೇಜನ್ನು ತಡೆಯುತ್ತಿಲ್ಲ.
• ಎಂಜಿನ್ ನಿಲ್ಲಿಸಿದ ಮೇಲೂ ವೈರು ಮತ್ತು ಡೈನಮೋ ಬಿಸಿಯಾಗುವುದು: ಕಟ್‌ಔಟ್‌ನ ಸಂಪರ್ಕ ಬಿಂದುಗಳು ಅಂಟಿಕೊಂಡಿವೆ. ಆಗ ಬ್ಯಾಟರಿಯ ವಿದ್ಯುತ್ ಹಿಮ್ಮುಖವಾಗಿ ಡೈನಮೋಗೆ ಹರಿದು ಸುರುಳಿ ಸುಡಬಹುದು, ಬೆಂಕಿಯೂ ಹತ್ತಬಹುದು. ತಕ್ಷಣ ಬ್ಯಾಟರಿಯ ಸಂಪರ್ಕ ಕಳಚಬೇಕು.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಸಾಮಾನ್ಯ ಮಲ್ಟಿಮೀಟರ್ ಸಾಕು. ಸುಲಭವಾದುದರಿಂದ ಆರಂಭಿಸಿ ಕಠಿಣವಾದುದಕ್ಕೆ ಹೋಗುವುದು ಉತ್ತಮ.

1. ಕಣ್ಣಿನ ಪರಿಶೀಲನೆ: ಬ್ಯಾಟರಿಯ ತುದಿಗಳು, ಫ್ಯೂಸ್, ಚೌಕಟ್ಟಿಗೆ ಬಿಗಿದ ಅರ್ಥಿಂಗ್ ವೈರು ಮತ್ತು ಉಜ್ಜಿ ಹರಿದ ವೈರುಗಳನ್ನು ನೋಡಬೇಕು. ಬಣ್ಣ ಬಳಿದ ಚೌಕಟ್ಟಿನ ಮೇಲೆ ಬಿಗಿದ ಅರ್ಥಿಂಗ್ ಪ್ರಯೋಜನಕ್ಕೆ ಬಾರದು. ಲೋಹ ಕಾಣುವಂತೆ ಉಜ್ಜಿ ಬಿಗಿಯಬೇಕು.

2. ಬ್ಯಾಟರಿ: ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟ ಮೇಲೆ ಸುಮಾರು 6.3 ವೋಲ್ಟ್ ಇರಬೇಕು. ದೀಪ ಹಚ್ಚಿದೊಡನೆ ವೋಲ್ಟೇಜ್ ಕುಸಿದರೆ ಬ್ಯಾಟರಿಯೇ ದೋಷಯುಕ್ತ. ಕೆಟ್ಟ ಬ್ಯಾಟರಿಯನ್ನು ಇಟ್ಟುಕೊಂಡು ಮುಂದಿನ ಪರೀಕ್ಷೆ ಮಾಡಿದರೆ ಫಲಿತಾಂಶಗಳು ದಾರಿತಪ್ಪಿಸುತ್ತವೆ.

3. ಓಡುವ ಎಂಜಿನ್: ಮಧ್ಯಮ ವೇಗದಲ್ಲಿ, ದೀಪ ಆರಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆಯಬೇಕು. ಸುಮಾರು 7ರಿಂದ 7.5 ವೋಲ್ಟ್ ಬಂದರೆ ವ್ಯವಸ್ಥೆ ಸರಿಯಾಗಿದೆ. ವೋಲ್ಟೇಜ್ ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 8 ವೋಲ್ಟ್‌ನತ್ತ ಏರಿದರೆ ಅತಿಯಾಗಿ ಚಾರ್ಜ್ ಆಗುತ್ತಿದೆ.

4. ಡೈನಮೋ: ಎಂಜಿನ್ ನಿಲ್ಲಿಸಿ ಬಲಬದಿಯ ಮುಚ್ಚಳ ತೆಗೆದು ಬ್ರಷ್‌ಗಳನ್ನು ನೋಡಬೇಕು. ಅವು ಹೋಲ್ಡರ್‌ನಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗ್ ಒತ್ತಡವಿರಬೇಕು. ಕಪ್ಪಾದ ಕಮ್ಯುಟೇಟರನ್ನು ನಯವಾದ ಗಾಜಿನ ಕಾಗದದಿಂದ ಉಜ್ಜಿ, ತಾಮ್ರದ ಪಟ್ಟಿಗಳ ನಡುವಿನ ಗೆರೆಗಳಲ್ಲಿ ಕೂತ ಇದ್ದಿಲಿನ ಪುಡಿಯನ್ನು ತೆಗೆಯಬೇಕು. ವಿದ್ಯುತ್‌ವಾಹಕವಾದ ಎಮರಿ ಪುಡಿಯನ್ನು ಇಲ್ಲಿ ಬಳಸಬಾರದು. ನಂತರ ಫೀಲ್ಡ್ ಕಾಯಿಲ್ ತುಂಡಾಗಿಲ್ಲವೆಂದೂ, ಆರ್ಮೇಚರ್‌ನ ಸುರುಳಿ ಅದರ ಕಬ್ಬಿಣದ ಭಾಗಕ್ಕೆ ತಾಗಿಲ್ಲವೆಂದೂ ಮಲ್ಟಿಮೀಟರ್‌ನಿಂದ ಖಚಿತಪಡಿಸಿಕೊಳ್ಳಬೇಕು.

5. ರೆಗ್ಯುಲೇಟರ್: ಡೈನಮೋ ಸರಿಯಿದ್ದರೆ ಮಾತ್ರ ರೆಗ್ಯುಲೇಟರ್‌ನತ್ತ ಗಮನ ಹರಿಸಬೇಕು. ಅದರ ಸಂಪರ್ಕ ಬಿಂದುಗಳು ಸುಟ್ಟಿವೆಯೇ, ಅದರ ಅರ್ಥಿಂಗ್ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಡೈನಮೋವನ್ನು ರೆಗ್ಯುಲೇಟರ್ ಇಲ್ಲದೆ ಪರೀಕ್ಷಿಸುವಾಗ ಕೆಲವು ತಯಾರಿಕೆಗಳಲ್ಲಿ ಫೀಲ್ಡ್ ತುದಿಯನ್ನು ಅರ್ಥ್‌ಗೆ, ಕೆಲವುಗಳಲ್ಲಿ ಡೈನಮೋದ ಹೊರತುದಿಗೆ ಜೋಡಿಸಬೇಕಾಗುತ್ತದೆ. ಆಯಾ ವಾಹನದ ವೈರಿಂಗ್ ನಕ್ಷೆಯನ್ನು ನೋಡದೆ ಇದನ್ನು ಮಾಡಬಾರದು.

ಡೈನಮೋ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದರೆ ಅದರ ಕಬ್ಬಿಣದಲ್ಲಿ ಉಳಿದಿರಬೇಕಾದ ಅಲ್ಪ ಕಾಂತತ್ವ ಅಳಿದಿರಬಹುದು. ಆಗ ಬ್ಯಾಟರಿಯಿಂದ ಕ್ಷಣಕಾಲ ಫೀಲ್ಡ್ ಕಾಯಿಲ್‌ಗೆ ಸರಿಯಾದ ದಿಕ್ಕಿನಲ್ಲಿ ಪ್ರವಾಹ ಕೊಟ್ಟು ಕಾಂತತ್ವವನ್ನು ಮರಳಿ ತರಬಹುದು.

ಆಲ್ಟರ್ನೇಟರ್ ಇರುವ ಮಾದರಿಗಳು

ಆಲ್ಟರ್ನೇಟರ್‌ನಲ್ಲಿ ತಿರುಗುವುದು ಶಾಶ್ವತ ಅಯಸ್ಕಾಂತ, ಸುರುಳಿ ಸ್ಥಿರ. ಆದ್ದರಿಂದ ಕಾರ್ಬನ್ ಬ್ರಷ್ ಸವೆಯುವ ಪ್ರಶ್ನೆಯಿಲ್ಲ. ಉತ್ಪತ್ತಿಯಾಗುವ ಪರ್ಯಾಯ ವಿದ್ಯುತ್ತನ್ನು ರೆಕ್ಟಿಫೈಯರ್ ಏಕಮುಖ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಸುರುಳಿಯ ತುದಿಗಳಲ್ಲಿ ಎಸಿ ವೋಲ್ಟೇಜ್ ವೇಗದೊಡನೆ ಏರುತ್ತಿದ್ದು ಬ್ಯಾಟರಿಯ ಬಳಿ ಏರದಿದ್ದರೆ ಮೊದಲು ಸಂಶಯಿಸಬೇಕಾದುದು ರೆಕ್ಟಿಫೈಯರ್ ಮತ್ತು ಅದರ ಜೋಡಣೆ. ಅದರ ಪ್ರತಿ ಡಯೋಡ್ ಒಂದು ದಿಕ್ಕಿನಲ್ಲಿ ಮಾತ್ರ ಪ್ರವಾಹವನ್ನು ಬಿಡಬೇಕು.

ಬಯಲುಸೀಮೆಯಲ್ಲಿ ನಿರ್ವಹಣೆ

ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರದಂತಹ ಒಣಹವೆಯ ಊರುಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅಂಥ ದಿನಗಳಲ್ಲಿ ಬ್ಯಾಟರಿಯ ನೀರು ಬೇಗ ಇಳಿಯುವುದರಿಂದ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡುವುದು ಒಳಿತು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಲವಣಗಳು ಬ್ಯಾಟರಿಯ ಫಲಕಗಳನ್ನು ಹಾಳುಮಾಡುತ್ತವೆ. ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಎರೆಮಣ್ಣಿನ ದೂಳು ಡೈನಮೋದ ಒಳಗೆ ಸೇರಿ ಬ್ರಷ್‌ಗಳನ್ನು ಬೇಗ ಸವೆಸುತ್ತದೆ. ಆದ್ದರಿಂದ ಮುಚ್ಚಳ ಸರಿಯಾಗಿ ಕೂತಿರುವುದು ಅಗತ್ಯ. ಹೊಲದ ದಾರಿಯಲ್ಲಿ ರಾತ್ರಿ ಓಡಾಡುವವರು ಹೆಚ್ಚುವರಿ ಫ್ಯೂಸ್ ಇಟ್ಟುಕೊಳ್ಳುವುದು ಕ್ಷೇಮ.

ಸುರಕ್ಷತೆ

ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ. ಬೆಂಕಿ, ಬೀಡಿ, ಕಿಡಿ ಹತ್ತಿರ ಬರಬಾರದು. ಆಮ್ಲ ಮೈಗೆ ಅಥವಾ ಕಣ್ಣಿಗೆ ತಾಗಿದರೆ ಧಾರಾಳವಾದ ಶುದ್ಧ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಬ್ಯಾಟರಿಯನ್ನು ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಪ್ರವಾಹದಲ್ಲಿ ಚಾರ್ಜ್ ಮಾಡುವುದು ವಾಡಿಕೆ: 14 ಆಂಪಿಯರ್-ಗಂಟೆಯ ಬ್ಯಾಟರಿಗೆ 1.4 ಆಂಪಿಯರ್. ಸುಟ್ಟ ಫ್ಯೂಸ್‌ನ ಜಾಗದಲ್ಲಿ ತಂತಿ ಸುತ್ತುವುದು ಅಪಾಯಕಾರಿ. ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ ಎಲ್ಲಿಯೋ ಶಾರ್ಟ್ ಆಗಿದೆ ಎಂದರ್ಥ. ಅದನ್ನು ಹುಡುಕದೆ ವಾಹನವನ್ನು ಓಡಿಸಬಾರದು.