ಮರಳದ ಐದನೆಯವನು: ಕೋಟ್ನಿಸ್ ಕಥನ ಮತ್ತು ಇತಿಹಾಸ

ರಾಘವಾಂಕನ ‘ಸಿದ್ಧರಾಮಚಾರಿತ್ರ’ವನ್ನು ಓದಿದವರಿಗೆ ಸೊನ್ನಲಿಗೆ ಎಂದರೆ ಕೆರೆ ಕಟ್ಟಿಸಿದ ಶಿವಯೋಗಿಯ ಊರು. ಕನ್ನಡ, ಮರಾಠಿ, ತೆಲುಗು ಮೂರೂ ಬಳಕೆಯಲ್ಲಿರುವ ಇಂದಿನ ಸೊಲ್ಲಾಪುರವೇ ಅದು. ಪರೋಪಕಾರದ ಸ್ಮೃತಿಯುಳ್ಳ ಈ ಊರಿನಲ್ಲಿ 1910ರಲ್ಲಿ ಮರಾಠಿ ಕುಟುಂಬವೊಂದರಲ್ಲಿ ಜನಿಸಿದವರು ಡಾ. ದ್ವಾರಕಾನಾಥ ಕೋಟ್ನಿಸ್.

ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾದ ಸೇನಾನಿ ಝೂ ದೆ ನೆಹರೂ ಅವರಿಗೆ ನೆರವು ಕೋರಿ ಬರೆದರು. ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ 1938ರಲ್ಲಿ ಐವರು ವೈದ್ಯರ ತಂಡ ಮುಂಬಯಿಯಿಂದ ಹೊರಟಿತು. ಮುಂಬಯಿಯಲ್ಲಿ ವೈದ್ಯಶಾಸ್ತ್ರ ಕಲಿತಿದ್ದ ಕೋಟ್ನಿಸರು ಅದರಲ್ಲೊಬ್ಬರು. ಚೀನಾದಲ್ಲಿರುವಾಗಲೇ ತಂದೆಯ ಮರಣವಾರ್ತೆ ತಲುಪಿತು. ಆದರೂ ಅವರು ಮರಳಲಿಲ್ಲ. ಉಳಿದ ನಾಲ್ವರು ಕಾಲಕ್ರಮದಲ್ಲಿ ಸ್ವದೇಶಕ್ಕೆ ಬಂದರು. ಕೋಟ್ನಿಸರು 1941ರಲ್ಲಿ ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅದೇ ವರ್ಷ ಗುವೊ ಚಿಂಗ್‌ಲಾನ್ ಅವರನ್ನು ವರಿಸಿದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. ಅದೇ ಡಿಸೆಂಬರ್ 9ರಂದು, ತಮ್ಮ 32ನೆಯ ವಯಸ್ಸಿನಲ್ಲಿ, ಅಪಸ್ಮಾರದಿಂದ ಕೋಟ್ನಿಸರು ತೀರಿಕೊಂಡರು.

ಖ್ವಾಜಾ ಅಹ್ಮದ್ ಅಬ್ಬಾಸರ ‘ಆ್ಯಂಡ್ ಒನ್ ಡಿಡ್ ನಾಟ್ ಕಮ್ ಬ್ಯಾಕ್’ 1944ರಲ್ಲಿ ಪ್ರಕಟವಾಯಿತು. ಹೊರಟವರಲ್ಲಿ ಒಬ್ಬ ಮರಳಲಿಲ್ಲವೆಂಬುದೇ ಶೀರ್ಷಿಕೆಯ ತಾತ್ಪರ್ಯ. ಅದನ್ನು ಆಧರಿಸಿ ವಿ. ಶಾಂತಾರಾಮರು 1946ರಲ್ಲಿ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ಯನ್ನು ತೆರೆಗೆ ತಂದು, ನಾಯಕನ ಪಾತ್ರವನ್ನೂ ತಾವೇ ವಹಿಸಿದರು. ಚಿತ್ರದ ಕೊನೆಯಲ್ಲಿ ಪತ್ನಿ ಮಗುವಿನೊಡನೆ ಸೊಲ್ಲಾಪುರದ ಮನೆ ಸೇರುತ್ತಾಳೆ. ಮಗ ಬಾರದಿದ್ದರೂ ವಂಶ ಮನೆಗೆ ಬಂದಿತೆಂಬ ಸಮಾಧಾನ ಪ್ರೇಕ್ಷಕನಿಗೆ ದೊರೆಯುತ್ತದೆ.

ಇತಿಹಾಸದಲ್ಲಿ ಆ ಸಮಾಧಾನವಿಲ್ಲ. ಗುವೊ ಚಿಂಗ್‌ಲಾನ್ ಭಾರತಕ್ಕೆ ಹಲವು ಬಾರಿ ಬಂದರೂ ಬದುಕಿದ್ದು ಚೀನಾದಲ್ಲಿ. 2012ರಲ್ಲಿ ಅಲ್ಲಿಯೇ ನಿಧನರಾದರು. ವೈದ್ಯ ವಿದ್ಯಾರ್ಥಿಯಾಗಿದ್ದ ಯಿನ್‌ಹುವಾ 1967ರಲ್ಲಿ ಅಕಾಲಮರಣಕ್ಕೆ ತುತ್ತಾದನು. ಆದರ್ಶದ ಬೆಲೆಯನ್ನು ಆದರ್ಶವಾದಿಯೊಬ್ಬನೇ ತೆರುವುದಿಲ್ಲ. ತಂದೆಯಿಲ್ಲದ ಮಗು, ಎಳೆಯ ವಿಧವೆ, ದೂರದ ಊರಿನಲ್ಲಿ ಕಾದ ಮನೆಯವರು ಅದರಲ್ಲಿ ಪಾಲುದಾರರು. ತ್ಯಾಗದ ಕಥನಗಳನ್ನು ಅಭ್ಯಸಿಸುವವರು ನಾಯಕನ ಮರಣದಲ್ಲಿ ಓದನ್ನು ನಿಲ್ಲಿಸದೆ, ಆತನ ಬಳಿಕ ಉಳಿದವರ ಬಾಳನ್ನೂ ಗಮನಿಸಬೇಕಾಗುತ್ತದೆ.