ಯುವ ವಿಮರ್ಶಕರ ಅಂತರರಾಷ್ಟ್ರೀಯ ತರಬೇತಿ

ಚಲನಚಿತ್ರೋತ್ಸವವೋ ನಾಟಕೋತ್ಸವವೋ ನಡೆಯುವ ಊರಿಗೆ ಬೇರೆ ಬೇರೆ ದೇಶಗಳ ಯುವ ವಿಮರ್ಶಕರನ್ನು ಕರೆಸಿ, ಕೃತಿಗಳನ್ನು ಒಟ್ಟಿಗೆ ನೋಡಿಸಿ, ಬರೆಸಿ, ಹಿರಿಯರಿಂದ ತಿದ್ದಿಸಿ ಪ್ರಕಟಿಸುವ ಕ್ರಮ. ಉತ್ಸವವನ್ನೇ ಪಾಠಶಾಲೆ ಮಾಡಿಕೊಳ್ಳಲು ಕಾರಣವಿದೆ. ಹಲವು ದೇಶಗಳ ಕೃತಿಗಳು, ಅವನ್ನು ಮಾಡಿದವರು, ಅವುಗಳ ಬಗ್ಗೆ ಬರೆಯುವ ಅನುಭವಿಗಳು ಹತ್ತು ಹದಿನೈದು ದಿನ ಒಂದೇ ಊರಿನಲ್ಲಿ ಸಿಗುವುದು ಅಲ್ಲಿ ಮಾತ್ರ.

ವಿಮರ್ಶಕರ ಅಂತರರಾಷ್ಟ್ರೀಯ ಸಂಘಟನೆಗಳಿಗೆ ದೀರ್ಘ ಇತಿಹಾಸವಿದೆ. ಚಲನಚಿತ್ರ ವಿಮರ್ಶಕರ ಒಕ್ಕೂಟವಾದ ಫಿಪ್ರೆಸ್ಕಿ 1930ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿತು. ಎರಡನೆಯ ಮಹಾಯುದ್ಧದ ನಂತರ ಯುನೆಸ್ಕೋದ ಆಸರೆಯಲ್ಲಿ ಚಿತ್ರಕಲಾ ವಿಮರ್ಶಕರ ಸಂಘ (1950) ರೂಪುಗೊಂಡಿತು. ರಂಗವಿಮರ್ಶಕರ ಸಂಘ 1956ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾಯಿತು. ಇವು ಮೊದಲಿಗೆ ವೃತ್ತಿಯಲ್ಲಿ ನೆಲೆಯೂರಿದವರ ಕೂಟಗಳು. ಹೊಸಬರನ್ನು ತಯಾರು ಮಾಡುವ ಕೆಲಸ ಬಳಿಕ ಸೇರಿಕೊಂಡಿತು. ರಂಗವಿಮರ್ಶಕರ ಸಂಘ ನಾಟಕೋತ್ಸವಗಳ ಜೊತೆಯಲ್ಲಿ ಯುವ ವಿಮರ್ಶಕರ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರದ ವ್ಯವಹಾರ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ. ಊಟ, ವಸತಿ, ನಾಟಕದ ಟಿಕೆಟು ಸಾಮಾನ್ಯವಾಗಿ ಆತಿಥೇಯರದು, ಪ್ರಯಾಣದ ಖರ್ಚು ಬಂದವರದು. ದೂರದ, ಬಡ ದೇಶಗಳವರು ಸೋಲುವುದು ಹೆಚ್ಚಾಗಿ ಈ ಕೊನೆಯ ಬಾಬ್ತಿನಲ್ಲಿಯೇ.

ಈ ಪದ್ಧತಿಯ ಬೆಳೆದ ರೂಪ ಬರ್ಲಿನ್‌ನಲ್ಲಿದೆ. ಬರ್ಲಿನ್ ಚಲನಚಿತ್ರೋತ್ಸವ 2003ರಲ್ಲಿ ಯುವ ಚಿತ್ರಕರ್ಮಿಗಳಿಗಾಗಿ ಟ್ಯಾಲೆಂಟ್ ಕ್ಯಾಂಪಸ್ ತೆರೆಯಿತು. ಈಗ ಅದರ ಹೆಸರು ಬರ್ಲಿನಾಲೆ ಟ್ಯಾಲೆಂಟ್ಸ್. ಮರುವರ್ಷ ಗ್ಯೋಥೆ ಇನ್‌ಸ್ಟಿಟ್ಯೂಟ್ ಮತ್ತು ಫಿಪ್ರೆಸ್ಕಿಯ ಸಹಯೋಗದಲ್ಲಿ ವಿಮರ್ಶಕರಿಗೆಂದೇ ಟ್ಯಾಲೆಂಟ್ ಪ್ರೆಸ್ ಸೇರಿತು. ಆಯ್ಕೆಯಾಗುವವರು ಎಂಟು ಮಂದಿಯಷ್ಟೇ. ಅವರು ಚಿತ್ರ ನೋಡಿ, ಬರೆದು, ಮಾರ್ಗದರ್ಶಕರ ಎದುರು ಕೂತು ಪ್ರತಿ ವಾಕ್ಯಕ್ಕೂ ಸಮಜಾಯಿಷಿ ಕೊಡಬೇಕು. ತಿದ್ದಿದ ಬರೆಹ ಉತ್ಸವ ಮುಗಿಯುವ ಮೊದಲೇ ಪ್ರಕಟವಾಗುತ್ತದೆ. ಇಲ್ಲಿ ಉಪನ್ಯಾಸಗಳಿಗಿಂತ ಜೊತೆಗಾರರೇ ಹೆಚ್ಚು ಕಲಿಸುತ್ತಾರೆ. ಒಬ್ಬರಿಗೆ ವಿಪರೀತ ನಿಧಾನವೆನಿಸಿದ ದೃಶ್ಯ ಪಕ್ಕದವರ ಊರಿನಲ್ಲಿ ದಿನನಿತ್ಯದ ನಡಿಗೆಯಾಗಿರಬಹುದು. ಆ ಮಾತು ಕಿವಿಗೆ ಬಿದ್ದ ಮೇಲೆ ಮೊದಲಿನ ತೀರ್ಪನ್ನು ಹಾಗೆಯೇ ಬರೆಯಲು ಕೈ ಹಿಂದೆಮುಂದೆ ನೋಡುತ್ತದೆ. ಬರ್ಲಿನ್ನಿನ ಮಾದರಿ ಮುಂದೆ ಬ್ಯೂನಸ್ ಐರಿಸ್, ಗ್ವಾದಲಹಾರಾ, ಡರ್ಬನ್‌ಗಳಿಗೂ ಹೋಯಿತು.

ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಉತ್ಸವದ ಕ್ರಿಟಿಕ್ಸ್ ಅಕಾಡೆಮಿ 2012ರಲ್ಲಿ ಶುರುವಾಯಿತು. 2015ರಲ್ಲಿ ಇದೇ ಲೊಕಾರ್ನೊದಲ್ಲಿ ರಾಮ್ ರೆಡ್ಡಿ ನಿರ್ದೇಶನದ ಕನ್ನಡ ಚಿತ್ರ ‘ತಿಥಿ’ಗೆ ಹೊಸ ಚಿತ್ರಕರ್ಮಿಗಳ ವಿಭಾಗದ ಚಿನ್ನದ ಚಿರತೆ ಸಿಕ್ಕಿತು. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ, ಹಳ್ಳಿಯವರೇ ನಟಿಸಿದ ಚಿತ್ರ ಅದು. ತೀರಿಕೊಂಡ ಸೆಂಚುರಿ ಗೌಡನ ಹನ್ನೊಂದನೆಯ ದಿನದ ಅಡುಗೆ, ಜಮೀನಿನ ಕಾಗದ, ಮಗ ಗಡ್ಡಪ್ಪನ ಅಲೆದಾಟ ಇವೆಲ್ಲ ಹೊರಗಿನ ಪ್ರೇಕ್ಷಕನಿಗೆ ಹಾಸ್ಯವಾಗಿ ದಾಟಬಲ್ಲವು. ಆದರೆ ಮಂಡ್ಯದ ಮಾತಿನ ಬಿರುಸು, ಪೌತಿ ಖಾತೆಯ ತಾಪತ್ರಯ ಉಪಶೀರ್ಷಿಕೆಗೆ ಪೂರ್ತಿ ಒಗ್ಗುವುದಿಲ್ಲ. ಕೃತಿಯ ಸೀಮೆಯನ್ನು ಬಲ್ಲ ವಿಮರ್ಶಕನೊಬ್ಬ ಗುಂಪಿನಲ್ಲಿದ್ದರೆ ಉಳಿದವರ ಓದು ಬದಲಾಗುತ್ತದೆ ಎಂಬುದೇ ಇಂಥ ಶಿಬಿರಗಳ ಪರವಾದ ಗಟ್ಟಿ ವಾದ.

ಆಕ್ಷೇಪಗಳೂ ಸಣ್ಣವಲ್ಲ. ಉತ್ಸವದ ಧಾವಂತ ರಾತ್ರಿ ನೋಡಿ ಬೆಳಿಗ್ಗೆ ಬರೆಯುವ ಚಾಳಿ ಕಲಿಸುತ್ತದೆ. ಇದಕ್ಕೆ ಪ್ರತಿಯಾಗಿ ನೆದರ್‌ಲೆಂಡ್ಸ್‌ನ ವಿಮರ್ಶಕಿ ಡಾನಾ ಲಿನ್ಸೆನ್ ಫಿಲ್ಮ್‌ಕ್ರಾಂಟ್ ಪತ್ರಿಕೆಯ ಮೂಲಕ ‘ಸ್ಲೋ ಕ್ರಿಟಿಸಿಸಂ’ ಎಂಬ ನಿಧಾನದ ವಿಮರ್ಶೆಗೆ ಜಾಗ ಮಾಡಿಕೊಟ್ಟರು. ಇನ್ನೊಂದು ತೊಡಕು ಭಾಷೆಯದು. ಇಂಗ್ಲಿಷಿನಲ್ಲಿ ಸಲೀಸಾಗಿ ಬರೆಯುವವರಿಗೆ ಬಾಗಿಲು ಬೇಗ ತೆರೆಯುತ್ತದೆ. ತನ್ನ ಭಾಷೆಯಲ್ಲಿ ಹರಿತವಾಗಿ ಬರೆಯುವವನು ಅಲ್ಲಿ ಅಳುಕಿನ ವಿದ್ಯಾರ್ಥಿಯಾಗುತ್ತಾನೆ; ಕಲಿತದ್ದು ಊರಿನ ಓದುಗರಿಗೆ ತಲುಪುವ ಖಾತ್ರಿಯೂ ಇಲ್ಲ. ಪತ್ರಿಕೆಗಳಲ್ಲಿ ವಿಮರ್ಶೆಯ ಅಂಕಣ ಕುಗ್ಗಿರುವಾಗ ತರಬೇತಾದವರು ಎಲ್ಲಿ ಬರೆಯಬೇಕು ಎಂಬ ಪ್ರಶ್ನೆಗೆ ಶಿಬಿರಗಳ ಬಳಿ ಉತ್ತರವಿಲ್ಲ.

ಭಾರತದಲ್ಲಿ ವಿನಿಮಯ ಹೆಚ್ಚಾಗಿ ಬೇರೆ ದಾರಿ ಹಿಡಿಯಿತು. ಐಸೆನ್‌ಸ್ಟೈನ್ ಮತ್ತು ಸತ್ಯಜಿತ್ ರಾಯ್ ಇಬ್ಬರ ಜೀವನಚರಿತ್ರೆ ಬರೆದ ಬ್ರಿಟಿಷ್ ವಿಮರ್ಶಕಿ ಮೇರಿ ಸೀಟನ್ 1950ರ ದಶಕದಲ್ಲಿ ಇಲ್ಲಿಗೆ ಬಂದು, ಚಿತ್ರಗಳನ್ನು ತೋರಿಸುತ್ತ ಊರೂರು ಸುತ್ತಿ ಉಪನ್ಯಾಸ ಮಾಡಿದರು. 1959ರಲ್ಲಿ ರಾಯ್ ಅಧ್ಯಕ್ಷತೆಯಲ್ಲಿ ಫಿಲ್ಮ್ ಸೊಸೈಟಿಗಳ ಒಕ್ಕೂಟ ಸ್ಥಾಪನೆಯಾಯಿತು. ಆಗ್ರಾದಲ್ಲಿ ಅರ್ಥಶಾಸ್ತ್ರ ಕಲಿಸುತ್ತ ಫಿಲ್ಮ್ ಸೊಸೈಟಿ ಕಟ್ಟಿದ್ದ ಸತೀಶ್ ಬಹಾದ್ದೂರ್ ಪುಣೆಯ ಚಲನಚಿತ್ರ ಸಂಸ್ಥೆಗೆ ಬಂದು ಚಿತ್ರರಸಗ್ರಹಣವನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಅವರ ರಸಗ್ರಹಣ ಶಿಬಿರ ಹೆಗ್ಗೋಡಿಗೂ ಬಂತು. ಅಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಂ ಚಿತ್ರಸಮಾಜದ ಮೂಲಕ ಬರ್ಗ್‌ಮನ್, ಕುರೊಸಾವಾ ಚಿತ್ರಗಳನ್ನು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ತೋರಿಸಿ, ಚರ್ಚೆಯನ್ನು ಕನ್ನಡದಲ್ಲಿಯೇ ನಡೆಸಿದರು. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಸುಚಿತ್ರಾ ಫಿಲ್ಮ್ ಸೊಸೈಟಿ ಜಗತ್ತಿನ ಸಿನಿಮಾವನ್ನು ನಗರದ ಪ್ರೇಕ್ಷಕರಿಗೆ ಪರಿಚಯಿಸಿತು. ಬರ್ಲಿನ್, ಲೊಕಾರ್ನೊಗಳು ವಿಮರ್ಶಕನನ್ನು ಕೃತಿಯ ಬಳಿಗೆ ಕರೆಸಿದರೆ, ಹೆಗ್ಗೋಡು ಕೃತಿಯನ್ನೇ ನೋಡುಗರ ನಡುವೆ ತಂದಿಟ್ಟಿತು. ಕನ್ನಡದ ಚಿತ್ರವಿಮರ್ಶೆಗೆ ಈ ಎರಡನೆಯ ದಾರಿಯಿಂದ ಆದ ಲಾಭವೇ ಹೆಚ್ಚು.