ಮದ್ರಾಸಿಂದ ಕೊಲಂಬೊಗೆ ಒಂದೇ ಟಿಕೆಟ್

1/9
ಈ ಫೋಟೊ ನಿಮ್ಮ ಫೀಡ್‌ನಲ್ಲಿ ಹತ್ತಾರು ಸಲ ಬಂದುಹೋಗಿರತ್ತೆ. ನೀಲಿ ರೈಲು, ಬಾಗಿಲ ಕಂಬಿ ಹಿಡ್ಕೊಂಡು ಹೊರಗೆ ವಾಲಿರುವ ಯಾರೋ ಒಬ್ಬರು, ಹಿಂದೆ ಗುಡ್ಡದ ತುಂಬ ಟೀ ತೋಟ. ಶ್ರೀಲಂಕಾದಲ್ಲಿ ಕ್ಯಾಂಡಿಯಿಂದ ‘ಎಲ್ಲ’ ಅನ್ನೋ ಊರಿಗೆ ಹೋಗುವ ದಾರಿ ಅದು. ಹೌದು, ಊರಿನ ಹೆಸರೇ ಎಲ್ಲ. ಸಿಂಹಳದಲ್ಲಿ ಜಲಪಾತ ಅಂತ ಅರ್ಥ. ಮನೆಯಲ್ಲಿ ‘ಎಲ್ಲ ನೋಡ್ಕೊಂಡು ಬಂದೆ’ ಅಂದ್ರೆ ‘ಅಷ್ಟು ಬೇಗಾನಾ?’ ಅಂತ ಕೇಳ್ತಾರೆ, ಹುಷಾರು.

ನಾನೂ ಹೋಗಿದ್ದೆ, ನಾನೂ ಫೋಟೊ ತೆಗೆಸ್ಕೊಂಡೆ, ಸುಳ್ಳು ಹೇಳಲ್ಲ. ಬೆಂಗಳೂರಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಟ್ರಾಫಿಕ್ ಇದ್ದ ದಿನ ಮನೆಯಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಅದಕ್ಕಿಂತ ಜಾಸ್ತಿ ಹಿಡಿಯತ್ತೆ. ಅಷ್ಟು ಹತ್ತಿರ ಇರೋ ದೇಶಕ್ಕೆ ನಮ್ಮ ತಾತಂದಿರ ಕಾಲದಲ್ಲಿ ಹೇಗೆ ಹೋಗ್ತಿದ್ರು? ಅದನ್ನ ಹುಡುಕ್ತಾ ಹೋಗಿ ಈ ಸರಣಿ ಇಷ್ಟುದ್ದ ಆಯ್ತು. ನಿಧಾನಕ್ಕೆ ಓದಿ.

2/9
ಹಳೇ ಧನುಷ್ಕೋಡಿ ಸ್ಟೇಷನ್ನಿನ ಗೋಡೆ. ರಾಮೇಶ್ವರಕ್ಕೆ ಹೋದವರು ಇದರ ಮುಂದೆ ನಿಂತು ಫೋಟೊ ಹೊಡೆದಿರ್ತೀರಿ. ಅದು ಒಂದು ಕಾಲದಲ್ಲಿ ವಿದೇಶಕ್ಕೆ ಹೋಗುವ ಸ್ಟೇಷನ್ ಆಗಿತ್ತು ಅಂತ ಗೈಡ್ ಹೇಳಿದ್ರಾ?

1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆ ತೆರೆಯಿತು. ಸಮುದ್ರದ ಮೇಲೆ ಸುಮಾರು ಎರಡು ಕಿಲೋಮೀಟರ್ ಉದ್ದ, ಹಡಗು ಬಂದಾಗ ನಡುವಿನ ಭಾಗ ಎರಡು ಕಡೆಗೂ ಎದ್ದು ದಾರಿ ಬಿಡೋ ಥರದ್ದು. ಆಚೆ ದಡದಲ್ಲಿ ಅದೇ ವರ್ಷ ತಲೈಮನ್ನಾರ್‌ವರೆಗೆ ಸಿಲೋನ್ ಸರ್ಕಾರ ರೈಲು ಹಳಿ ತಂದು ಮುಟ್ಟಿಸಿತು. ಮಧ್ಯೆ ಉಳಿದದ್ದು ಸುಮಾರು 35 ಕಿಲೋಮೀಟರ್ ನೀರು. ಅದಕ್ಕೆ ಸ್ಟೀಮರ್.

ಹೀಗೆ ಶುರುವಾದದ್ದು ‘ಬೋಟ್ ಮೇಲ್’. ಸಂಜೆ ಮದ್ರಾಸಿನ ಎಗ್ಮೋರ್‌ನಲ್ಲಿ ಹತ್ತಿದರೆ ಮಾರನೇ ದಿನ ಧನುಷ್ಕೋಡಿ. ರೈಲಿಂದ ಇಳಿದು ಸ್ಟೀಮರ್. ಆಚೆ ತಲೈಮನ್ನಾರ್‌ನಲ್ಲಿ ಕೊಲಂಬೊ ರೈಲು ಕಾಯ್ತಾ ನಿಂತಿರ್ತಿತ್ತು. ಅದರಲ್ಲಿ ಮಲಗಿದರೆ ಬೆಳಿಗ್ಗೆ ಕೊಲಂಬೊ. ರೈಲು, ಸ್ಟೀಮರ್, ಮತ್ತೆ ರೈಲು, ಮೂರಕ್ಕೂ ಸೇರಿ ಒಂದೇ ಟಿಕೆಟ್! ಮೈಸೂರು ಸೀಮೆಯವರು ಜೋಲಾರ್‌ಪೇಟೆ, ಈರೋಡ್ ಸುತ್ತಿಕೊಂಡು ತಿರುಚಿನಾಪಳ್ಳಿಯಲ್ಲಿ ಈ ಗಾಡಿ ಹಿಡೀಬಹುದಿತ್ತು.

ಎಗ್ಮೋರ್‌ನಿಂದ ರಾಮೇಶ್ವರಕ್ಕೆ ಹೋಗೋ ರಾತ್ರಿ ರೈಲನ್ನ ಇವತ್ತಿಗೂ ಅಲ್ಲಿಯ ಜನ ಬೋಟ್ ಮೇಲ್ ಅಂತಲೇ ಕರೀತಾರೆ. ಬೋಟ್ ಹೋಗಿ ಎಷ್ಟು ಕಾಲ ಆಯ್ತೋ, ಹೆಸರು ಮಾತ್ರ ಇದೆ.

3/9
1914ಕ್ಕೆ ಮುಂಚೆ? ತೂತ್ತುಕುಡಿವರೆಗೆ ರೈಲು, ಅಲ್ಲಿಂದ ಕೊಲಂಬೊಗೆ ಹಡಗು. ವಿವೇಕಾನಂದರು ಪಶ್ಚಿಮದಿಂದ ವಾಪಸ್ ಬರುವಾಗ 1897ರ ಜನವರಿ 15ಕ್ಕೆ ಕೊಲಂಬೊದಲ್ಲಿ ಇಳಿದರು. ಕ್ಯಾಂಡಿ, ಅನುರಾಧಪುರ, ಜಾಫ್ನಾ ಎಲ್ಲ ನೋಡ್ಕೊಂಡು 26ರಂದು ಪಾಂಬನ್‌ಗೆ ಬಂದರು. ಹನ್ನೊಂದು ದಿನದ ಲಂಕಾ ಪ್ರವಾಸ. ಇವತ್ತಿನ ಪ್ಯಾಕೇಜ್ ಟೂರಿನವರು ಇದಕ್ಕಿಂತ ಕಡಿಮೆ ದಿನದಲ್ಲಿ ಮುಗಿಸ್ತಾರೆ.

ಆದ್ರೆ ಈ ದಾರಿಯಲ್ಲಿ ಹೆಚ್ಚು ಓಡಾಡಿದವರು ಸ್ವಾಮಿಗಳೂ ಅಲ್ಲ, ಸಾಹೇಬರೂ ಅಲ್ಲ. 19ನೇ ಶತಮಾನದಲ್ಲಿ ಬ್ರಿಟಿಷರು ಕ್ಯಾಂಡಿ ಬೆಟ್ಟಗಳಲ್ಲಿ ಕಾಫಿ ಹಾಕಿದಾಗ ಕೆಲಸಕ್ಕೆ ತಮಿಳುನಾಡಿನ ಹಳ್ಳಿಗಳಿಂದ ಜನರನ್ನ ಕರ್ಕೊಂಡು ಹೋದರು. ದೋಣಿಯಲ್ಲಿ ಮನ್ನಾರ್ ದಡಕ್ಕೆ ಬಿಟ್ಟರೆ ಮುಂದೆ ಮಾತಲೆವರೆಗೆ ಕಾಡಿನಲ್ಲಿ ನಡಿಗೆ. ದಿನಗಟ್ಟಲೆ. ಕಾಲರಾ, ಜ್ವರ, ಹಸಿವು. ದಾರಿಯಲ್ಲೇ ಬಿದ್ದು ಸತ್ತವರ ಲೆಕ್ಕ ಯಾರೂ ಸರಿಯಾಗಿ ಇಟ್ಟಿಲ್ಲ.

4/9
ಈಗ ಟಿಕೆಟ್ ವಿಷಯಕ್ಕೆ ಬರ್ತೀನಿ. ಈ ಸರಣಿ ಬರೆಯೋಕೆ ಹೊರಟಿದ್ದೇ ಇದಕ್ಕಾಗಿ.

ಪ್ರವಾಸಿಗೆ ಕಾಗದದ ಟಿಕೆಟ್ ಇತ್ತಲ್ಲ, ಕೂಲಿಯವರಿಗೆ ತಗಡಿನ ಟಿಕೆಟ್ ಇತ್ತು. 1901ರಲ್ಲಿ ಸಿಲೋನ್ ಸರ್ಕಾರ ಶುರುಮಾಡಿದ ಪದ್ಧತಿ. ಒಂದು ಸಣ್ಣ ಗುಂಡನೆಯ ಬಿಲ್ಲೆ, ಅದರ ಮೇಲೆ ಯಾವ ಎಸ್ಟೇಟ್ ಅನ್ನೋದನ್ನ ಸೂಚಿಸುವ ಅಕ್ಷರ ಮತ್ತು ಸಂಖ್ಯೆ. ದಾರದಲ್ಲಿ ಪೋಣಿಸಿ ಕುತ್ತಿಗೆಗೆ ಕಟ್ಕೊಳ್ಳಬೇಕು. ಅದನ್ನ ತೋರಿಸಿದರೆ ಊರಿಂದ ತೋಟದವರೆಗೆ ಕೈಯಿಂದ ಕಾಸು ಕೊಡೋ ಹಾಗಿಲ್ಲ, ಖರ್ಚೆಲ್ಲ ಎಸ್ಟೇಟಿನ ಲೆಕ್ಕಕ್ಕೆ. ಎಸ್ಟೇಟು ಅದನ್ನ ಕಂಗಾಣಿಯ ಮೂಲಕ ಕೂಲಿಯ ಸಾಲಕ್ಕೆ ಬರೀತಿತ್ತು. ಕಂಗಾಣಿ ಅಂದ್ರೆ ನಮ್ಮ ಮಲೆನಾಡಿನ ತೋಟಗಳ ಮೇಸ್ತ್ರಿ ಇದ್ದಾನಲ್ಲ, ಹೆಚ್ಚುಕಡಿಮೆ ಅವನೇ. ಆಳು ಕರ್ಕೊಂಡು ಬರೋನೂ ಅವನೇ, ಮುಂಗಡ ಕೊಡೋನೂ ಅವನೇ. ಬೆಟ್ಟ ಹತ್ತಿ ಮೊದಲ ಎಲೆ ಕೀಳೋದಕ್ಕೆ ಮುಂಚೆಯೇ ತಲೆ ಮೇಲೆ ಸಾಲ.

ಬೋಟ್ ಮೇಲ್ ಬಂದ ಮೇಲೆ ಇವರೂ ಅದೇ ಹಳಿಯ ಮೇಲೆ ಹೋದರು, ಆದ್ರೆ ಪಾಂಬನ್ ಸೇತುವೆಗೆ ಸ್ವಲ್ಪ ಮುಂಚೆ ಇಳೀಬೇಕಿತ್ತು. ಆ ಜಾಗದ ಹೆಸರು ಮಂಟಪಂ ಕ್ಯಾಂಪ್. ನೆಲ ಭಾರತದ್ದು, ಕ್ಯಾಂಪ್ ನಡೆಸೋದು ಸಿಲೋನ್ ಸರ್ಕಾರ. ಬಟ್ಟೆಗೆ ಹಬೆ, ತೋಳಿಗೆ ಸಿಡುಬಿನ ಚುಚ್ಚು, ಕೆಲವು ದಿನ ಒಳಗೇ ಇರಬೇಕು. ರೋಗ ಇಲ್ಲ ಅಂತ ಖಾತ್ರಿಯಾದ ಮೇಲೆ ಸ್ಟೀಮರ್.

ಮಂಟಪಂ ಅನ್ನೋ ಹೆಸರು ನೆನಪಿಟ್ಕೊಳ್ಳಿ. ಇನ್ನೂ ಎರಡು ಸಲ ಬರತ್ತೆ.

5/9
ಆ ನೀಲಿ ರೈಲಿನ ದಾರಿ. ಇದನ್ನ ಪ್ರವಾಸಿಗರಿಗೆ ಅಂತ ಯಾರೂ ಕಟ್ಟಲಿಲ್ಲ. ಕಾಫಿ ಮೂಟೆ ಕೊಲಂಬೊ ಬಂದರಿಗೆ ಇಳಿಸೋಕೆ ಕಟ್ಟಿದ್ದು. 1867ರಲ್ಲಿ ಕ್ಯಾಂಡಿ ಮುಟ್ಟಿತು. ಎರಡೇ ವರ್ಷಕ್ಕೆ, 1869ರಲ್ಲಿ, ಕಾಫಿ ಎಲೆಗೆ ತುಕ್ಕು ರೋಗ ಕಾಣಿಸ್ಕೊಂಡಿತು! ಮುಂದಿನ ಇಪ್ಪತ್ತು ವರ್ಷದಲ್ಲಿ ಕಾಫಿ ಸರ್ವನಾಶ. ಕೊಡಗು, ಚಿಕ್ಕಮಗಳೂರಿನ ಓದುಗರಿಗೆ ಈ ರೋಗ ಗೊತ್ತು, ವಿವರಿಸೋದು ಬೇಡ. ರೈಲು ಬಂದ ವರ್ಷವೇ, 1867ರಲ್ಲಿ, ಜೇಮ್ಸ್ ಟೇಲರ್ ಅನ್ನೋ ಸ್ಕಾಟಿಷ್ ತೋಟಗಾರ ಲೂಲ್‌ಕಂದುರ ಎಸ್ಟೇಟಲ್ಲಿ ಟೀ ಹಾಕಿದ್ದ. ಕಾಫಿ ಸತ್ತ ಗುಡ್ಡಗಳಿಗೆ ಟೀ ಹತ್ತಿತು, ಅದರ ಹಿಂದೆ ರೈಲೂ ಹತ್ತಿತು. 1885ಕ್ಕೆ ನಾನು ಓಯ, 1894ಕ್ಕೆ ಬಂಡಾರವೆಲ, ಕೊನೆಗೆ 1924ಕ್ಕೆ ಬದುಲ್ಲ. ನಡುವೆ ಪಟ್ಟಿಪೊಲ ಸ್ಟೇಷನ್ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗೆ ಬರೀ 30 ಮೀಟರ್ ಚಿಲ್ಲರೆ ಕಡಿಮೆ. ಅಲ್ಲಿಗೆ ಬ್ರಾಡ್‌ಗೇಜ್ ರೈಲು ಹೋಗತ್ತೆ.

ಹೋಗೋರಿಗೆ ನಾಲ್ಕು ಮಾತು. ವೀಸಾ ಆನ್‌ಲೈನಲ್ಲಿ ಮಾಡ್ಕೊಳ್ಳಿ, ಸರ್ಕಾರಿ ವೆಬ್‌ಸೈಟಲ್ಲೇ. ಫೀಸು, ನಿಯಮ ಆಗಾಗ ಬದಲಾಗತ್ತೆ, ಹಳೇ ರೀಲ್ಸ್ ನಂಬ್ಕೊಂಡು ಹೋಗ್ಬೇಡಿ. ಕ್ಯಾಂಡಿ–ಎಲ್ಲ ರೈಲಿನ ರಿಸರ್ವೇಶನ್ ತೆರೆದ ತಕ್ಷಣ ಖಾಲಿಯಾಗತ್ತೆ. ಸಿಗದಿದ್ರೆ ಸ್ಟೇಷನ್ ಕೌಂಟರಲ್ಲಿ ರಿಸರ್ವೇಶನ್ ಇಲ್ಲದ ಮೂರನೇ ಕ್ಲಾಸ್ ಟಿಕೆಟ್ ತಗೊಳ್ಳಿ. ಕಿಟಕಿ ತೆಗೆದಿರತ್ತೆ, ಕಡ್ಲೆ, ವಡೆ ಮಾರೋರು ಬರ್ತಾರೆ, ಜನ ಮಾತಾಡಿಸ್ತಾರೆ. ಆರೇಳು ಗಂಟೆ ದಾರಿ. ನಿಲ್ಲೋಕೆ ಆಗಲ್ಲ ಅನ್ನೋರು ನಾನು ಓಯದಿಂದ ಹತ್ತಿ, ಅರ್ಧ ದಾರಿ ಉಳಿಯತ್ತೆ, ಚೆಂದದ ಭಾಗ ಸಿಗತ್ತೆ. ಮಳೆ ಜೋರಿದ್ದಾಗ ಗುಡ್ಡ ಕುಸಿದು ಲೈನ್ ನಿಲ್ಲೋದುಂಟು, ಹೊರಡೋ ಮುಂಚೆ ವಿಚಾರಿಸಿ. ಕೆಂಪು ಬಸ್ಸು ಸರ್ಕಾರದ್ದು. ಆಟೋಗೆ ಅಲ್ಲಿ ತ್ರೀ-ವೀಲ್ ಅಂತಾರೆ, ಚೌಕಾಸಿ ನಮ್ಮೂರಿನ ಹಾಗೇ. ಮತ್ತೆ ಆ ಬಾಗಿಲಲ್ಲಿ ವಾಲೋದು, ದಯವಿಟ್ಟು ಬೇಡ. ಸುರಂಗದ ಗೋಡೆ ಕೈಗೆ ಸಿಗೋಷ್ಟು ಹತ್ತಿರ ಬರತ್ತೆ.

6/9
ಹ್ಯಾಟನ್ ದಾಟಿದ ಮೇಲೆ ಎರಡೂ ಕಡೆ ಟೀ. ಬುಟ್ಟಿ ಹೊತ್ತ ಹೆಂಗಸರು. ರೈಲಲ್ಲಿದ್ದ ಎಲ್ಲರ ಫೋನೂ ಕಿಟಕಿಯಿಂದ ಹೊರಗೆ, ನಂದೂ. ಫೋಟೊದಲ್ಲಿ ಅವರ ಮುಖ ಕಾಣಲ್ಲ, ದೂರ.

ತಗಡಿನ ಬಿಲ್ಲೆ ಕಟ್ಕೊಂಡು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. 1948ರಲ್ಲಿ ಸಿಲೋನ್ ಸ್ವತಂತ್ರ ಆಯ್ತು. ಅದೇ ವರ್ಷ ತಂದ ಪೌರತ್ವ ಕಾಯ್ದೆಯಿಂದ ಈ ಜನರಲ್ಲಿ ಬಹುಪಾಲು ಯಾವ ದೇಶದವರೂ ಅಲ್ಲದ ಹಾಗಾದರು. ಭಾರತವೂ ತನ್ನವರು ಅನ್ನಲಿಲ್ಲ. ಹದಿನಾರು ವರ್ಷ ಹಾಗೇ ಕಳೀತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ದೆಹಲಿಯಲ್ಲಿ ಸಹಿ ಹಾಕಿದರು. ಒಟ್ಟು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನ್‌ಗೆ, ಉಳಿದ 1,50,000 ಆಮೇಲೆ ನೋಡೋಣ. 1974ರಲ್ಲಿ ಅದನ್ನೂ ಅರ್ಧರ್ಧ ಹಂಚ್ಕೊಂಡರು.

ಶಾಸ್ತ್ರಿಯವರ ಬಗ್ಗೆ ನಮಗೆಲ್ಲ ಗೌರವ ಇದೆ, ನನಗೂ ಇದೆ. ಆದ್ರೆ ಈ ಲೆಕ್ಕ ಓದುವಾಗ ಅಣ್ಣತಮ್ಮಂದಿರು ದನ ಪಾಲು ಮಾಡ್ಕೊಂಡ ಹಾಗೆ ಅನ್ನಿಸತ್ತೆ. ಅವರಲ್ಲಿ ಬಹಳಷ್ಟು ಜನ ಹುಟ್ಟಿದ್ದೇ ಆ ಬೆಟ್ಟಗಳಲ್ಲಿ. ಭಾರತ ನೋಡಿದವರೇ ಅಲ್ಲ.

7/9
ಸಹಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಡಿಸೆಂಬರ್ 22ರ ರಾತ್ರಿ ಚಂಡಮಾರುತ. ಪಾಂಬನ್‌ನಿಂದ ಧನುಷ್ಕೋಡಿಗೆ ಹೋಗ್ತಿದ್ದ ಪ್ಯಾಸೆಂಜರ್ ರೈಲನ್ನ ಸಮುದ್ರ ಎಳ್ಕೊಂಡು ಹೋಯ್ತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳೀಲಿಲ್ಲ. ಊರು ಹೋಯ್ತು, ಹಳಿ ಹೋಯ್ತು, ಜೆಟ್ಟಿ ಹೋಯ್ತು. ಒಂದೇ ಟಿಕೆಟಿನ ಪ್ರವಾಸ ಅಲ್ಲಿಗೆ ಮುಗೀತು. ಆಮೇಲೆ ಹಡಗು ರಾಮೇಶ್ವರದಿಂದ ತಲೈಮನ್ನಾರ್‌ಗೆ ಓಡಿತು, 1980ರ ದಶಕದಲ್ಲಿ ಯುದ್ಧ ಶುರುವಾಗೋವರೆಗೆ.

ಪಾಲಿನಲ್ಲಿ ಭಾರತಕ್ಕೆ ಬಂದವರು ವಾಪಸ್ ಬಂದದ್ದು ಇದೇ ಹಡಗಲ್ಲಿ. ಬೆಟ್ಟದಿಂದ ಇಳಿಯೋ ರೈಲಿಗೆ ಅಲ್ಲಿಯ ತಮಿಳರು ‘ಒಪ್ಪಾರಿ ಕೋಚ್ಚಿ’ ಅಂತ ಹೆಸರಿಟ್ಟಿದ್ದರು. ಕೋಚ್ಚಿ ಅಂದ್ರೆ ರೈಲು. ಒಪ್ಪಾರಿ ಅಂದ್ರೆ ಸಾವಿನ ಮನೇಲಿ ಹೆಂಗಸರು ಹಾಡಿ ಹಾಡಿ ಅಳ್ತಾರಲ್ಲ, ಅದು. ಅಣ್ಣನಿಗೆ ಭಾರತ, ತಂಗಿಗೆ ಸಿಲೋನ್ ಅಂತ ಕಾಗದ ಬಂದಿರ್ತಿತ್ತು. ಪ್ಲಾಟ್‌ಫಾರ್ಮಲ್ಲಿ ನಿಂತವರೂ ಒಳಗೆ ಕೂತವರೂ ಒಟ್ಟಿಗೆ ಅಳೋರು. ನೀವು ನಾವು ಫೋಟೊ ತೆಗೆಸ್ಕೊಳ್ಳೋ ಹಳಿ ಅದೇ.

ಈಚೆ ದಡದಲ್ಲಿ ಇಳಿದರೆ ಮೊದಲ ತಂಗುದಾಣ? ಮಂಟಪಂ ಕ್ಯಾಂಪ್. ತಾತ ಸಿಡುಬಿನ ಚುಚ್ಚು ಹಾಕಿಸ್ಕೊಂಡು ಹೋದ ಕ್ಯಾಂಪಿಗೇ ಮೊಮ್ಮಗ ವಾಪಸ್. 1983ರ ಗಲಭೆಯ ನಂತರ ನಿರಾಶ್ರಿತರು ಸಮುದ್ರ ದಾಟಿ ಬಂದಾಗಲೂ ಅವರನ್ನ ಇಟ್ಟಿದ್ದು ಮಂಟಪಂನಲ್ಲೇ.

8/9
ಈಗ ಸಮುದ್ರದ ದಾರಿ ಬೇಕು ಅನ್ನೋರಿಗೆ: 2011ರಲ್ಲಿ ತೂತ್ತುಕುಡಿ–ಕೊಲಂಬೊ ಹಡಗು ಬಿಟ್ಟು ಕೆಲವೇ ತಿಂಗಳಲ್ಲಿ ನಿಲ್ಲಿಸಿದರು. 2023ರ ಅಕ್ಟೋಬರ್ 14ಕ್ಕೆ ನಾಗಪಟ್ಟಣಂನಿಂದ ಜಾಫ್ನಾ ಹತ್ತಿರದ ಕಾಂಕೇಸಂತುರೈಗೆ ಶುರುವಾಯ್ತು. ಅದೂ ನಿಂತು, 2024ರ ಆಗಸ್ಟಲ್ಲಿ ಮತ್ತೆ ಹೊರಟಿತು. ಸುಮಾರು ನಾಲ್ಕು ಗಂಟೆ ಪ್ರಯಾಣ. ಹವಾಮಾನ ಕೆಟ್ಟರೆ ಇಲ್ಲ, ಹಾಗಾಗಿ ವಾಪಸ್ ಬರೋ ದಿನಕ್ಕೆ ಸ್ವಲ್ಪ ಸಡಿಲ ಇಟ್ಕೊಳ್ಳಿ. ಜಾಫ್ನಾದಿಂದ ಕೊಲಂಬೊಗೆ ರೈಲಿದೆ. ಯುದ್ಧದಲ್ಲಿ 1990ರಿಂದ ನಿಂತಿದ್ದ ‘ಯಾಳ್ ದೇವಿ’ 2014ರಲ್ಲಿ ಮತ್ತೆ ಜಾಫ್ನಾ ಮುಟ್ಟಿತು.

ತಲೈಮನ್ನಾರ್‌ಗೂ 2015ರಿಂದ ರೈಲು ಹೋಗತ್ತೆ, ಹಳಿ ಹಾಕಿದ್ದು ನಮ್ಮ ಇರ್ಕಾನ್. ಕೊನೇ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಹಳೇ ಜೆಟ್ಟಿಯ ಅವಶೇಷ, ಒಂದು ಲೈಟ್‌ಹೌಸ್, ಮೀನಿನ ವಾಸನೆ. ಟೂರಿಸ್ಟ್ ಯಾರೂ ಬರಲ್ಲ. ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹೊತ್ತು ಕೂತದ್ದು ಅಲ್ಲೇ.

9/9
ಕೊನೇ ಫೋಟೊ ಶ್ರೀಲಂಕಾದ್ದಲ್ಲ. ಸುಳ್ಯ. ರಬ್ಬರ್ ತೋಟ.

ವಾಪಸ್ ಬಂದವರನ್ನ ಸರ್ಕಾರ ಅಲ್ಲಲ್ಲಿ ಹಂಚಿತು. ನೀಲಗಿರಿಯ ಟೀ ತೋಟಕ್ಕೆ ಬಹಳ ಜನ. ಕೆಲವರು ನಮ್ಮ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಕ್ಕೆ. ಟೀ ಕೀಳ್ತಿದ್ದ ಕೈ ರಬ್ಬರ್ ಮರದ ತೊಗಟೆ ಕೆತ್ತೋದು ಕಲೀಬೇಕಾಯ್ತು. ಸುತ್ತ ತುಳು, ಅರೆಭಾಷೆ, ಕನ್ನಡ. ಅದನ್ನೂ ಕಲಿತರು. ಆ ಕಡೆಯ ಓದುಗರಿಗೆ ಇವರ ಕಾಲನಿಗಳು ಗೊತ್ತು, ಒಟ್ಟಿಗೆ ಶಾಲೆಗೆ ಹೋದವರೂ ಇರ್ತೀರಿ.

ಅಲ್ಲಿ ಒಬ್ಬರು ಅಜ್ಜಿಗೆ ನನ್ನ ಫೋನಲ್ಲಿದ್ದ ಎಲ್ಲ ರೈಲಿನ ಫೋಟೊ ತೋರಿಸಿದೆ. ಬಾಗಿಲಲ್ಲಿ ನಿಂತಿದ್ದ ನನ್ನನ್ನ ಅವರು ನೋಡಲೇ ಇಲ್ಲ. ಬೆರಳಲ್ಲಿ ದೊಡ್ಡದು ಮಾಡಿ ಹಿಂದಿನ ಗುಡ್ಡ ನೋಡಿದರು.

‘ಇದು ಹ್ಯಾಟನ್ ಆಚೆಯಾ ಈಚೆಯಾ?’

ಆಚೆ ಅಂದೆ.

‘ನಾನು ಈ ರೈಲಲ್ಲಿ ಒಂದೇ ಸಲ ಕೂತದ್ದು. ಹನ್ನೆರಡು ವರ್ಷ ಆಗ. ಈಗ ಟಿಕೆಟಿಗೆ ಎಷ್ಟುಂಟು ಮಗಾ?’

ಹೇಳಿದೆ. ನಮ್ಮ ದುಡ್ಡಲ್ಲಿ ಎಷ್ಟಾಗತ್ತೆ ಅಂತಾನೂ ಹೇಳಿದೆ. ಅವರು ತಲೆಯಾಡಿಸಿದರು. ‘ನಮಗೆ ಬಿಟ್ಟಿ ಇತ್ತು’ ಅಂದು ಫೋನ್ ವಾಪಸ್ ಕೊಟ್ಟು, ಚಹಾ ಇಡೋಕೆ ಒಳಗೆ ಹೋದರು.

#ಬೋಟ್‌ಮೇಲ್ #ಧನುಷ್ಕೋಡಿ #ಶ್ರೀಲಂಕಾಪ್ರವಾಸ #ಸುಳ್ಯ #ಹಳಿಯಹಿಂದಿನಕಥೆ